ಬೀಡಿ ನೂಲಿನ ಹೊಲಿಗೆ

ಗಂಡಸಾಗಿ ಮನೆಯ ಜಗಲಿಯಲ್ಲಿ ಕುಳಿತು ಪುಸ್ತಕ ಹೊಲಿದದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳುವಾಯಿಯ ನಮ್ಮ ಮನೆ ಬಸ್ಸು ಹೋಗುವ ದಾರಿಯ ಅಂಚಿನಲ್ಲೇ ಇದೆ. ನಕ್ಕವರೆಲ್ಲ ನನ್ನ ಕಣ್ಣೆದುರೇ ನಕ್ಕರು. ಅವರಲ್ಲಿ ಅರ್ಧ ಜನ ಆಮೇಲೆ ತಮ್ಮ ಮಕ್ಕಳ ಹರಿದ ಪಠ್ಯಪುಸ್ತಕ ಹಿಡಿದುಕೊಂಡು ಅದೇ ಜಗಲಿಗೆ ಬಂದರು. ಅವರೊಂದಿಗೆ ನನ್ನದೇನೂ ಬಾಕಿ ಇಲ್ಲ. ನಾನು ತಪ್ಪು ಮಾಡಿದ್ದು ಒಬ್ಬಳಿಗೆ, ನನ್ನ ಹೆಂಡತಿಗೆ. ಅದನ್ನು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನಾನು ಸೇರಿದ್ದು ಮೂಡುಬಿದಿರೆಯಿಂದ ಗುರುವಾಯನಕೆರೆಗೆ ಓಡುವ ಒಂದು ಖಾಸಗಿ ಬಸ್ಸಿಗೆ, ಕಂಡಕ್ಟರ್ ಆಗಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ಫುಟ್‌ಬೋರ್ಡಿನ ಮೇಲೆ ನಿಂತೇ ಬದುಕಿದೆ. ತೊಂಬತ್ತರ ದಶಕದ ನಡುವೆ ಒಂದು ದಿನ ಅದೇ ಫುಟ್‌ಬೋರ್ಡಿನಿಂದ ಜಾರಿ ಬಿದ್ದು ಎಡಗಾಲಿನ ಮೊಣಕಾಲು ಹೋಯಿತು. ಮಡಚಲು ಆಗುತ್ತದೆ, ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. ನಿಲ್ಲಲಾಗದ ಕಂಡಕ್ಟರ್ ಯಾರಿಗೆ ಬೇಕು?

ಅಂದಿನಿಂದ ಮನೆ ನಡೆದದ್ದು ಹೆಂಡತಿ ಕಟ್ಟುವ ಬೀಡಿಯಿಂದ. ನಮ್ಮ ಕಡೆ ಇದು ಹೊಸ ಸಂಗತಿಯಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಲ್ಲಿ ಹೋದರೂ ಮನೆಯ ಹೆಂಗಸರು ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಾರೆ. ತಡ್ಪೆ ಅಂದರೆ ಅಕ್ಕಿ ಕೇರುವ ಮೊರ. ಅದರಲ್ಲಿ ಒಂದು ಬದಿಗೆ ಎಲೆ, ಒಂದು ಬದಿಗೆ ಹೊಗೆಸೊಪ್ಪು, ನಡುವೆ ನೂಲಿನ ಉಂಡೆ. ಅವಳು ಹತ್ತನೇ ವಯಸ್ಸಿನಿಂದ ಕಟ್ಟಿದವಳು. ಬೀಡಿ ಕಟ್ಟುವಾಗ ಅವಳು ಕೈ ನೋಡುವುದೇ ಇಲ್ಲ, ದಾರಿ ನೋಡುತ್ತಾಳೆ. ನಾನು ಅವಳ ಎದುರು ಖಾಲಿ ಕೈಯಲ್ಲಿ ಕುಳಿತಿರುತ್ತಿದ್ದೆ. ಅವಳು ಒಂದು ದಿನವೂ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತೋ ಏನೋ.

ಬೈಂಡಿಂಗ್ ನನಗೆ ಯಾರೂ ಕಲಿಸಲಿಲ್ಲ. ಹಳೆಯ ಒಂದು ನಿಘಂಟು ಬೆನ್ನು ಕಿತ್ತು ಬಿದ್ದಿತ್ತು. ಅದನ್ನು ಪೂರ್ತಿ ಬಿಚ್ಚಿ, ಯಾವುದರ ಮೇಲೆ ಯಾವುದು ಕೂತಿದೆ ಎಂದು ನೋಡಿದೆ. ಮೈದಾ ಅಂಟು ಕುದಿಸಿ, ಬಟ್ಟೆ ಅಂಗಡಿಯ ಪೆಟ್ಟಿಗೆಯ ರಟ್ಟು ಕತ್ತರಿಸಿ, ಮತ್ತೆ ಜೋಡಿಸಿದೆ. ಮೊದಲನೆಯ ಸಲ ಪುಟಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ನಿಘಂಟು ಇಟ್ಟಿಗೆಯಾಯಿತು. ಆಮೇಲೆ ಕಟ್ಟಿದ ಪುಸ್ತಕಗಳ ಅಂಟಿಗೆ ಜಿರಲೆ ಬಂತು. ಅಂಟಿಗೆ ಮೈಲುತುತ್ತು ಹಾಕಬೇಕು ಎಂದು ಯಾರೋ ಹೇಳಿದರು. ಕೊಳೆರೋಗ ಬರದಂತೆ ಅಡಿಕೆಗೆ ಮದ್ದು ಬಿಡಲು ನೆರೆಮನೆಯವರು ತಂದಿಟ್ಟದ್ದರಲ್ಲಿ ಒಂದು ಮುಷ್ಟಿ ಕೇಳಿ ತಂದೆ. ಚಿಟಿಕೆ ಹಾಕಬೇಕಾದಲ್ಲಿ ಮುಷ್ಟಿಯನ್ನೇ ಸುರಿದೆ. ಅಂಚುಗಳೆಲ್ಲ ಗಿಳಿಯ ಬಣ್ಣಕ್ಕೆ ತಿರುಗಿ, ಆರು ತಿಂಗಳಲ್ಲಿ ಕಾಗದ ಪುಡಿಪುಡಿಯಾಯಿತು. ನೆರೆಮನೆಯ ಯಜಮಾನರು ಪುಸ್ತಕ ನೋಡಿ, ಜಿರಲೆ ಮಾತ್ರ ಅಲ್ಲ, ಇನ್ನು ಇದಕ್ಕೆ ಕೊಳೆರೋಗವೂ ಬರಲಿಕ್ಕಿಲ್ಲ ಎಂದರು.

ನಾನು ಬಿಡಲಿಲ್ಲ. ಅಂಟು ಹದಕ್ಕೆ ಬಂತು. ರಟ್ಟಿನ ಮೂಲೆಗೆ ಬಟ್ಟೆ ಮಡಚುವುದು ಬಂತು. ಉಳಿದ ರಟ್ಟಿನಿಂದ ಕಾಗದ ಇಡುವ ಫೈಲು, ಕನ್ನಡಕದ ಡಬ್ಬಿ, ಗೋಡೆಗೆ ತೂಗುವ ಪತ್ರದ ಚೀಲ ಎಲ್ಲ ಮಾಡಿದೆ. ಹೊಲಿಗೆ ಮಾತ್ರ ಬರಲಿಲ್ಲ. ಪುಸ್ತಕದ ಹಾಳೆಗಳು ನಾಲ್ಕೈದು ಒಟ್ಟಿಗೆ ಮಡಚಿದ ಸಣ್ಣ ಸಣ್ಣ ಮಡಿಕೆಗಳಾಗಿರುತ್ತವೆ. ಒಂದೊಂದು ಮಡಿಕೆಯ ನಡುವಿನಿಂದ ಸೂಜಿ ಹೊರಗೆ ತಂದು ಕೆಳಗಿನ ಮಡಿಕೆಗೆ ಕೊಂಡಿ ಹಾಕಬೇಕು. ನೂಲು ಬಿಗಿಯಾದರೆ ಮಡಿಕೆ ಹರಿಯುತ್ತದೆ, ಸಡಿಲವಾದರೆ ಪುಸ್ತಕ ಅಲುಗಾಡುತ್ತದೆ. ಟಿಕೆಟು ಹರಿದು ಹರಿದು ಅಭ್ಯಾಸವಾದ ನನ್ನ ಕೈ ಮಡಿಕೆಯನ್ನೂ ಹರಿಯುತ್ತಿತ್ತು.

ಒಂದು ಬೆಳಿಗ್ಗೆ ಅವಳು ತಡ್ಪೆ ಕೆಳಗಿಟ್ಟು ಬಂದು, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಳು. ನಾನು ತಂದ ದಪ್ಪ ದಾರವನ್ನು ಬದಿಗೆ ಎಸೆದು, ಬೀಡಿ ನೂಲನ್ನೇ ಮೂರೆಳೆ ಹುರಿ ಮಾಡಿ ಮೇಣ ತಿಕ್ಕಿ ಸೂಜಿಗೆ ಪೋಣಿಸಿದಳು. ಒಲೆಯ ಮೇಲೆ ಗಂಜಿ ಕುದಿಯುವಷ್ಟರಲ್ಲಿ ಹೊಲಿದು ಮುಗಿಸಿದಳು. ಬೀಡಿಗೆ ನೂಲು ಸುತ್ತುವಾಗ ಎಲೆ ಒಡೆಯದ ಹಾಗೆ, ನೂಲು ಜಾರದ ಹಾಗೆ ಒಂದು ಎಳೆತ ಉಂಟು. ಅದೇ ಎಳೆತವನ್ನು ಕಾಗದದ ಮೇಲೆ ಇಟ್ಟಿದ್ದಳು. ಪುಸ್ತಕವನ್ನು ಎಲ್ಲಿ ತೆರೆದರೂ ಅದು ಅಂಗೈ ಬಿಚ್ಚಿದ ಹಾಗೆ ಬಿಚ್ಚಿಕೊಂಡು ನಿಲ್ಲುತ್ತಿತ್ತು.

ಅಂದಿನಿಂದ ರಟ್ಟು, ಅಂಟು, ಬಟ್ಟೆ ನನ್ನದು, ಹೊಲಿಗೆ ಅವಳದು ಎಂದಾಯಿತು. ಪುಸ್ತಕ ತಂದುಕೊಟ್ಟವರು ಹೊಲಿಗೆಯನ್ನು ಹೊಗಳಿದರು. ನಾನು ಸುಮ್ಮನೆ ತಲೆಯಾಡಿಸಿದೆ. ಮೊದಲ ಸಲ ತಲೆಯಾಡಿಸಿದ್ದು ಸಂಕೋಚದಿಂದ. ಎರಡನೆಯ ಸಲ ಸಂಕೋಚ ಇರಲಿಲ್ಲ. ಮೂಡುಬಿದಿರೆಯ ಒಂದು ಪ್ರೆಸ್ಸಿನಲ್ಲಿ ಚೀಟಿ ಅಚ್ಚು ಹಾಕಿಸಿ, ಹಿಂದಿನ ರಟ್ಟಿನ ಒಳಗೆ ಅಂಟಿಸತೊಡಗಿದೆ. 'ಕೈಹೊಲಿಗೆಯ ಬೈಂಡಿಂಗ್' ಎಂದು ಮೇಲೆ, ಕೆಳಗೆ ನನ್ನ ಹೆಸರು. ಐದನೇ ಕ್ಲಾಸಿನವರೆಗೆ ಓದಿದವಳು ಅವಳು. ಚೀಟಿಯನ್ನು ಬೆರಳಿಟ್ಟು ಓದಿದಳು.

"ಚಂದ ಉಂಟು," ಎಂದಳು. "ಅಕ್ಷರ ಗುಂಡಗುಂಡಗೆ ಬಂದಿದೆ."

ಅಷ್ಟೇ. ಮಾಡಿದ್ದು ತಪ್ಪೆಂದು ಆಗಲೂ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ಅಕ್ಕಿ, ಮೀನು, ನನ್ನ ಮೊಣಕಾಲಿನ ಎಣ್ಣೆ ಎಲ್ಲ ಅವಳ ಬೀಡಿಯಿಂದ ಬರುತ್ತಿದ್ದ ಮನೆಯಲ್ಲಿ, ನನ್ನದು ಅಂತ ಒಂದು ಬೇಕಿತ್ತು. ಅದಕ್ಕೂ ಅವಳ ಕೈಯೇ ಬೇಕಾಯಿತು ಎಂದು ಒಪ್ಪಿಕೊಳ್ಳುವುದು ನನ್ನಿಂದಾಗಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ ನಾರಾವಿ ಕಡೆಯ ಒಂದು ಹೈಸ್ಕೂಲಿನ ಲೈಬ್ರರಿಯ ಹರಿದ ಪುಸ್ತಕಗಳು ನನ್ನಲ್ಲಿಗೆ ಬಂದವು. ಗೋಣಿಯಲ್ಲಿ ಕಟ್ಟಿ ಬಸ್ಸಿನ ಮೇಲೆ ಹಾಕಿ ಕಳುಹಿಸಿದ್ದರು. ಒಂದು ಮಳೆಗಾಲವಿಡೀ ಅವಳು ಹೊಲಿದಳು, ನಾನು ರಟ್ಟು ಹಾಕಿದೆ. ಪುಸ್ತಕಗಳು ಹಿಂದೆ ಹೋದ ಮೇಲೆ, ಶಾಲೆಯ ವಾರ್ಷಿಕೋತ್ಸವಕ್ಕೆ ಬರಬೇಕು, ಸನ್ಮಾನ ಉಂಟು ಎಂದು ಹೇಳಿಕಳುಹಿಸಿದರು. ಅವಳ ತವರು ಆ ಶಾಲೆಯ ಹತ್ತಿರವೇ. ಅವಳೂ ಹೊರಟಳು. ಅವಳ ಅತ್ತಿಗೆ, ಬೀಡಿ ಕಟ್ಟುವ ಹಳೆಯ ಗೆಳತಿಯರು ಎಲ್ಲ ಸಭೆಯಲ್ಲಿ ಮೂರನೆಯ ಸಾಲಿನಲ್ಲಿ ಒಟ್ಟಿಗೆ ಕುಳಿತಿದ್ದರು.

ನನಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಹೆಡ್‌ಮಾಸ್ತರರು ಒಂದು ಪುಸ್ತಕ ಎತ್ತಿ ಹಿಡಿದು ಹೊಲಿಗೆಯನ್ನು ಸಭೆಗೆ ತೋರಿಸಿದರು. ಆಮೇಲೆ ನಗುತ್ತಾ, "ಒಂದು ಸಂಶಯ ಮಾತ್ರ ಉಂಟು," ಎಂದರು. "ಪುಸ್ತಕ ತೆರೆದರೆ ಬೀಡಿಯ ಪರಿಮಳ ಬರ್ತದೆ. ಮಡಿಕೆಯಲ್ಲಿ ಹೊಗೆಸೊಪ್ಪಿನ ಚೂರೂ ಸಿಕ್ಕಿತು. ಮಕ್ಕಳು ಲೈಬ್ರರಿಗೆ ಜಾಸ್ತಿ ಬರುವುದು ಇದಕ್ಕೇ ಏನು?"

ಸಭೆ ನಕ್ಕಿತು. ಅದರಲ್ಲಿ ಕೆಡುಕಿರಲಿಲ್ಲ. ನಿಜ ಹೇಳುವುದಕ್ಕೆ ಅಷ್ಟು ಒಳ್ಳೆಯ ಗಳಿಗೆ ಮತ್ತೆ ಬರುವಂತಿರಲಿಲ್ಲ. ಮೂರನೆಯ ಸಾಲಿನಲ್ಲಿ ಅವಳು ತಲೆ ಎತ್ತಿದ್ದಳು. ನಾನು ಮೈಕು ತೆಗೆದುಕೊಂಡೆ.

"ಮನೆಯಲ್ಲಿ ಹೆಂಗಸರು ಬೀಡಿ ಕಟ್ತಾರೆ," ಎಂದೆ. "ಗಾಳಿಗೆ ಬಂದು ಬಿದ್ದಿರಬೇಕು. ಪುಸ್ತಕವನ್ನು ನಾನು ಅವರ ಕೈಗೆ ಕೊಡುವುದಿಲ್ಲ."

ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಈಗಲೂ ಕಿವಿಯಲ್ಲಿದೆ. ಅವಳ ಅತ್ತಿಗೆ ಅವಳ ಮುಖ ನೋಡಿದಳು. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಒರೆಸಲು ಕೈಯಲ್ಲಿ ಏನೂ ಇರಲಿಲ್ಲ.

ಬಸ್ಸಿನಲ್ಲಿ ಅವಳು, ಶಾಲಿನ ಮೇಲೆ ಬಾಳೆಹಣ್ಣು ಕಲೆ ಮಾಡುತ್ತದೆ ಎಂದು ಬುಟ್ಟಿಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು, ಅಷ್ಟೇ. ಒಂದು ವಾರದ ಮೇಲೆ ಶಾಲೆಯಿಂದ ಎರಡನೆಯ ಗೋಣಿ ಬಂತು. ಮಡಿಕೆಗಳನ್ನು ಜೋಡಿಸಿ ಎಂದಿನಂತೆ ಅವಳ ಪಕ್ಕ ಇಟ್ಟೆ. ಅವಳು ದಾರಿಯಿಂದ ಕಣ್ಣು ತೆಗೆಯದೆ ಹೇಳಿದಳು.

"ನನ್ನ ಕೈಗೆ ಕೊಡುವುದಿಲ್ಲ ಅಂತ ಹೇಳಿದಿರಲ್ಲ ಮಾರಾಯ್ರೆ. ಮೈಕಿನಲ್ಲಿ ಹೇಳಿದ್ದು. ಊರಿಡೀ ಕೇಳಿದೆ. ಈಗ ಕೊಟ್ಟರೆ ನಿಮ್ಮ ಮಾತು ಸುಳ್ಳಾಗ್ತದೆ."

ನನಗೂ ಹಟ ಬಂತು. ಒಬ್ಬನೇ ಹೊಲಿದೆ. ದಪ್ಪ ದಾರ ಹಾಕಿದೆ, ಎರಡು ಪಟ್ಟು ಅಂಟು ಬಳಿದೆ. ನೋಡಲು ಮೊದಲಿನ ಹಾಗೇ ಇತ್ತು. ಚೀಟಿ ಅಂಟಿಸಿ ಕಳುಹಿಸಿದೆ. ಮೂರು ತಿಂಗಳಲ್ಲಿ ಅದೇ ಗೋಣಿ ಹಿಂದೆ ಬಂತು. ಮಡಿಕೆಗಳು ಕಳಚಿ, ರಟ್ಟು ಒಂದು ಕಡೆ ಹಾಳೆ ಒಂದು ಕಡೆಯಾಗಿದ್ದವು. ಮೊದಲ ಸಲದವು ಗಟ್ಟಿಯಾಗಿವೆ, ಇವು ಹೀಗೇಕೆ ಎಂದು ಲೈಬ್ರರಿ ನೋಡಿಕೊಳ್ಳುವ ಮಾಸ್ತರರು ಚೀಟಿ ಬರೆದಿದ್ದರು. ಅಂಗಡಿಯವನು ಕೆಟ್ಟ ದಾರ ಕೊಟ್ಟ ಎಂದು ಉತ್ತರ ಬರೆದೆ. ಏನೂ ಮಾಡದ ಅಂಗಡಿಯವನ ಮೇಲೂ ತಪ್ಪು ಹಾಕಿಬಿಟ್ಟೆ.

ಆದರೆ ಬರೆದ ಉತ್ತರವನ್ನು ಕಳುಹಿಸಲಿಲ್ಲ. ಗೋಣಿಯಲ್ಲಿ ಅವಳು ಹೊಲಿದ ಒಂದು ಪುಸ್ತಕವೂ ಸೇರಿಕೊಂಡು ಬಂದಿತ್ತು. ಅದನ್ನು ತೆರೆದರೆ ಅಂಗೈಯ ಹಾಗೆ ಬಿಚ್ಚಿಕೊಂಡಿತು. ಮೂಗಿನ ಹತ್ತಿರ ಹಿಡಿದೆ. ಹೊಗೆಸೊಪ್ಪಿನ ವಾಸನೆ ಇನ್ನೂ ಇತ್ತು. ಹಿಂದೆ ನನ್ನ ಹೆಸರಿನ ಚೀಟಿ ಇತ್ತು. ಉಗುರಿನಿಂದ ಕೆರೆದು ತೆಗೆಯಲು ನೋಡಿದೆ. ಬರಲಿಲ್ಲ, ನನ್ನ ಅಂಟು ಅಷ್ಟು ಗಟ್ಟಿಯಾಗಿತ್ತು.

ಅವಳ ಎದುರು ಹೋಗಿ ಕುಳಿತು, ನಿನ್ನ ಹೊಲಿಗೆ ನನಗೆ ಕಲಿಸು ಎಂದೆ. ತಪ್ಪಾಯಿತು ಎಂದೂ ಹೇಳಿದೆ, ಆದರೆ ಬಹಳ ಸಣ್ಣ ದನಿಯಲ್ಲಿ.

"ಮೈಕಿನಲ್ಲಿ ಹೇಳಿದ್ದನ್ನು ಮೆಲ್ಲಗೆ ಅಳಿಸಲಿಕ್ಕೆ ಆಗ್ತದಾ?" ಎಂದಳು. ಕಟ್ಟಿದ ಬೀಡಿಯನ್ನು ತಡ್ಪೆಗೆ ಹಾಕಿ ಮುಂದುವರಿಸಿದಳು, "ಹೊಲಿಗೆ ಕಲಿಯಬೇಕಾದರೆ ಮೊದಲು ಬೀಡಿ ಕಟ್ಟಬೇಕು. ನಾನು ಕಲಿತದ್ದು ಹಾಗೆ. ಬೇರೆ ದಾರಿ ನನಗೆ ಗೊತ್ತಿಲ್ಲ."

ಒಳಗೆ ಕುಳಿತು ಕಟ್ಟಬಹುದಿತ್ತು. ನಾನು ಜಗಲಿಯಲ್ಲೇ ಕುಳಿತೆ, ದಾರಿಗೆ ಮುಖ ಮಾಡಿ, ತಡ್ಪೆಯನ್ನು ತೊಡೆಯ ಮೇಲೆ ಇಟ್ಟುಕೊಂಡು. ನಮ್ಮ ಕಡೆ ಗಂಡಸರು ಬೀಡಿಯನ್ನು ಸೇದುತ್ತಾರೆ, ಕಟ್ಟಿದ್ದನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಹೊತ್ತು ಹಾಕುತ್ತಾರೆ, ಬೀಡಿಯ ಹಣದಲ್ಲಿ ಉಣ್ಣುತ್ತಾರೆ. ಮಾನವಂತರು ತಡ್ಪೆ ಮುಟ್ಟುವುದಿಲ್ಲ. ಕಾರ್ಕಳಕ್ಕೆ ಹೋಗುವ ಬಸ್ಸುಗಳ ಕಂಡಕ್ಟರುಗಳೆಲ್ಲ ನನ್ನ ಹಳೆಯ ಪರಿಚಯದವರು. ಒಬ್ಬ ಬಸ್ಸನ್ನು ನಿಧಾನ ಮಾಡಿಸಿ, "ಎಂತ ಅಣ್ಣ, ಪ್ರಮೋಶನ್ ಆಯ್ತಾ?" ಎಂದು ಕೇಳಿದ. ಹೌದು, ಕೂತು ಮಾಡುವ ಕೆಲಸ ಸಿಕ್ಕಿತು, ನಿನಗೂ ಬೇಕಾದರೆ ಹೇಳು ಎಂದೆ. ಬಸ್ಸಿನ ಹೆಂಗಸರೆಲ್ಲ ನಕ್ಕರು. ನಕ್ಕದ್ದು ಅವನನ್ನು ನೋಡಿಯೋ ನನ್ನನ್ನು ನೋಡಿಯೋ ಗೊತ್ತಾಗಲಿಲ್ಲ. ನನಗೆ ಅದರ ಚಿಂತೆಯೂ ಇರಲಿಲ್ಲ.

ನನ್ನ ಬೀಡಿಗಳನ್ನು ಬ್ರಾಂಚಿನ ಚೆಕ್ಕರ್ ಒಂದೇ ನೋಟಕ್ಕೆ ರಾಶಿಯಿಂದ ಆಚೆ ತಳ್ಳುತ್ತಿದ್ದ. ಅವಳು ಅವನ್ನು ಮನೆಗೆ ತಂದು ನನ್ನ ಎದುರು ಸುರಿಯುತ್ತಿದ್ದಳು. ಎಂಟು ತಿಂಗಳು ಹೀಗೇ ನಡೆಯಿತು. ಆಮೇಲೆ ಒಂದು ದಿನ ಅವಳು ತಂದು ಸುರಿದದ್ದು ಬರೀ ಐದಾರು. ಮಾರನೆಯ ಬೆಳಿಗ್ಗೆ ಬೀಡಿ ನೂಲನ್ನು ಹುರಿ ಮಾಡಿ, ನನ್ನ ಕೈಗೆ ಸೂಜಿ ಕೊಟ್ಟಳು.

ಶಾಲೆಯ ಪುಸ್ತಕಗಳನ್ನೆಲ್ಲ ಹೊಸದಾಗಿ ಹೊಲಿದು, ಗೋಣಿಯ ಜೊತೆ ನಾನೇ ಹೋದೆ. ಶಾಲನ್ನೂ ತೆಗೆದುಕೊಂಡು ಹೋದೆ. ಬೆಳಗಿನ ಪ್ರಾರ್ಥನೆಗೆ ಮಕ್ಕಳು ಸಾಲು ನಿಂತಾಗ ನನಗೆ ಎರಡು ನಿಮಿಷ ಮೈಕು ಬೇಕು ಎಂದು ಕೇಳಿದೆ. ವಿಷಯ ತಿಳಿದ ಹೆಡ್‌ಮಾಸ್ತರರು, "ಅದೆಲ್ಲ ಈಗ ಯಾಕೆ? ಮರೆತು ಹೋದ ಸಂಗತಿ," ಎಂದರು. ಮರೆತವರು ನೀವು, ಕೇಳಿಸಿಕೊಂಡವಳು ಮರೆತಿಲ್ಲ, ಮೈಕು ಕೊಡದಿದ್ದರೆ ಗೇಟಿನ ಹೊರಗೆ ನಿಂತು ಕೂಗಿ ಹೇಳುತ್ತೇನೆ ಎಂದೆ. ಕೊಟ್ಟರು.

ಮೊದಲ ಗೋಣಿಯ ಒಂದೊಂದು ಹೊಲಿಗೆಯನ್ನೂ ಹಾಕಿದ್ದು ನನ್ನ ಹೆಂಡತಿ, ಬೀಡಿ ಕಟ್ಟುವವಳು, ಅವಳ ಕೈಗೆ ಪುಸ್ತಕ ಕೊಡುವುದಿಲ್ಲ ಎಂದು ಇದೇ ಅಂಗಳದಲ್ಲಿ ನಾನು ಸುಳ್ಳು ಹೇಳಿದ್ದೆ ಎಂದೆ. ಅವಳ ಹೆಸರು ಹೇಳಿದೆ, ಅವಳ ತವರುಮನೆಯ ಹೆಸರನ್ನೂ ಹೇಳಿದೆ. ಮಕ್ಕಳಿಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ಗೊತ್ತಾಗಲಿಲ್ಲ. ಶಾಲನ್ನು ಮಡಚಿ ಮೇಜಿನ ಮೇಲಿಟ್ಟು ಬಂದೆ. ಹಣ್ಣನ್ನು ಆಗಲೇ ತಿಂದಾಗಿತ್ತು. ಅದಕ್ಕೇನೂ ಮಾಡುವಂತಿರಲಿಲ್ಲ.

ಅವಳಿಗೆ ನಾನು ಹೇಳಲಿಲ್ಲ. ಸುದ್ದಿ ಅತ್ತಿಗೆಯಿಂದ ಬಂತು, ನಾಲ್ಕು ದಿನ ಕಳೆದು. ಬ್ರಾಂಚಿನಿಂದ ಬಂದ ನನ್ನ ಹೆಂಡತಿ ಚಪ್ಪಲಿ ಬಿಡುತ್ತಾ, "ತವರಿನ ಹೆಸರು ಹೇಳಿದ್ದು ಯಾಕೆ? ಹೊಲಿಗೆ ಬಿಚ್ಚಿಹೋದರೆ ಅಲ್ಲಿಗೆ ಹೋಗಿ ಬಯ್ಯಲಿಕ್ಕಾ?" ಎಂದಳು.

ಇನ್ನು ಹೊಲಿಯುತ್ತೀಯಾ ಎಂದು ಕೇಳಿದೆ.

"ಇಲ್ಲ. ನಾನು ಹೊಲಿದದ್ದು ನಾನೇ ಹೊಲಿದದ್ದು ಅಂತ ಊರಿಗೆ ಗೊತ್ತಾಯ್ತಲ್ಲ, ಸಾಕು. ಈಗ ನೀವು ಹೊಲಿಯಿರಿ. ನಾನು ಚೆಕ್ ಮಾಡ್ತೇನೆ."

ಅಂದಿನಿಂದ ಇಂದಿನವರೆಗೂ ಹಾಗೇ. ಅವಳು ಮತ್ತೆ ಸೂಜಿ ಹಿಡಿಯಲಿಲ್ಲ. ಹಿಡಿಯಲಿ ಎಂದು ಕೇಳುವ ಹಕ್ಕೂ ನನಗಿಲ್ಲ. ಅಚ್ಚು ಹಾಕಿಸಿದ ಚೀಟಿಗಳನ್ನು ಒಲೆಗೆ ಹಾಕಿದೆ. ಹೊಲಿದ ಪುಸ್ತಕಗಳನ್ನು ಅವಳ ಪಕ್ಕ ಇಡುತ್ತೇನೆ. ಬೀಡಿ ಕಟ್ಟುತ್ತಾ ಎಡಗೈಯಿಂದ ಒಂದೊಂದನ್ನೇ ತೆರೆದು, ಬೆನ್ನು ಒತ್ತಿ ನೋಡಿ, ಸರಿಯಿಲ್ಲದ್ದನ್ನು ಆಚೆ ತಳ್ಳುತ್ತಾಳೆ, ಚೆಕ್ಕರ್ ತಳ್ಳಿದ ಹಾಗೆಯೇ. ಕಾರಣ ಹೇಳುವುದಿಲ್ಲ. ಈಗ ಇದನ್ನು ಬರೆಯುತ್ತಿರುವಾಗಲೂ ತಳ್ಳಿದ ಒಂದು ಪುಸ್ತಕ ನನ್ನ ಮೊಣಕಾಲಿನ ಹತ್ತಿರ ಬಿದ್ದಿದೆ. ನನ್ನ ಕಣ್ಣಿಗೆ ಅದರಲ್ಲಿ ಏನೂ ತಪ್ಪು ಕಾಣುವುದಿಲ್ಲ. ಪೆನ್ನು ಇಟ್ಟು, ಮೊದಲ ಮಡಿಕೆಯಿಂದಲೇ ಬಿಚ್ಚಬೇಕು. ದಾರಿಯಲ್ಲಿ ಹೋಗುವವರು ನೋಡಿ ನಗುವುದಾದರೆ ನಗಲಿ.