ಗಾಲಿಮಣೆಗೊಂದು ದೃಷ್ಟಿಬೊಟ್ಟು

ಇವತ್ತು ಬೆಳಿಗ್ಗೆ ಕಾಡಿಗೆ ಡಬ್ಬಿಯ ಮುಚ್ಚಳ ತೆಗೆದೆ. ಹರಳೆಣ್ಣೆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ನಗು ಉಕ್ಕಿ ಬಂತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಗುತ್ತಿದ್ದರೆ ಸೊಸೆ ಇಣುಕಿ ನೋಡಿ, "ಯಾನತ್ತೆ, ಗ್ಯಾನ ಎಲ್ಲೋಯ್ತು?" ಅಂದಳು. ಎಲ್ಲಿಗೆ ಹೋಗಿತ್ತು ಅಂತ ಅವಳಿಗೆ ಗೊತ್ತು. ನಿಮಗೆ ಗೊತ್ತಿಲ್ಲವಲ್ಲ, ಕುಳಿತುಕೊಳ್ಳಿ, ಹೇಳುತ್ತೇನೆ. ಚಾಮರಾಜನಗರದ ಒಂದು ಕಲ್ಯಾಣ ಮಂಟಪಕ್ಕೆ ಹೋಗಿತ್ತು.

ಅದಕ್ಕೆ ಮುಂಚೆ ಈ ಕಾಡಿಗೆಯ ವಿಷಯ ಒಂದಿಷ್ಟು. ಇದು ಅಂಗಡಿಯದಲ್ಲ. ಹರಳೆಣ್ಣೆ ದೀಪ ಹಚ್ಚಿ, ಮೇಲೆ ಕಂಚಿನ ತಟ್ಟೆ ಬೋರಲು ಹಾಕಿ, ಹಿಡಿದ ಮಸಿಯನ್ನು ಕೆರೆದು ನಾನೇ ಕಲಸಿದ್ದು. ನಮ್ಮ ಮನೆಯಲ್ಲಿ ಈ ಬೊಟ್ಟು ಇಡಿಸಿಕೊಳ್ಳದೆ ಯಾವುದೂ ಬೆಳೆದಿಲ್ಲ. ಮಗನ ಕೆನ್ನೆಗೆ ಇಟ್ಟೆ, ಕರುವಿನ ಹಣೆಗೆ ಇಟ್ಟೆ, ಹಿತ್ತಲಲ್ಲಿ ಬಿಟ್ಟ ದೊಡ್ಡ ಕುಂಬಳಕಾಯಿಗೂ ಇಟ್ಟೆ. ಮಗ ಹೊಸ ಬೈಕು ತಂದಾಗ ಅದರ ಕನ್ನಡಿಗೆ ಇಟ್ಟದ್ದು ಸ್ವಲ್ಪ ದೊಡ್ಡದಾಯಿತು. ಗುಂಡ್ಲುಪೇಟೆ ಮುಟ್ಟುವವರೆಗೂ ಯಾವುದೋ ಕರೀ ಲಾರಿ ಬೆನ್ನು ಹತ್ತಿದೆ ಅಂದುಕೊಂಡು ಪಕ್ಕಕ್ಕೆ ಸರಿಯುತ್ತಲೇ ಹೋದನಂತೆ. ಕಲ್ಲೇಟು ತಪ್ಪಿಸಿಕೊಂಡರೂ ಕಣ್ಣೇಟು ತಪ್ಪಿಸಿಕೊಳ್ಳಲಾಗದು ಅಂತ ನಮ್ಮವ್ವ ಹೇಳುತ್ತಿದ್ದಳು. ನಾನು ಓದಿದ್ದು ಮೂರನೇ ಕ್ಲಾಸು. ಅಲ್ಲಿ ಕಲಿತದ್ದಕ್ಕಿಂತ ಅವ್ವನ ಮಾತೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ನನ್ನ ಮೊಮ್ಮಗಳು ಪವಿತ್ರ. ಮಗನಿಗೆ ಒಬ್ಬಳೇ ಮಗಳು. ಚಾಮರಾಜನಗರದಲ್ಲಿ ಎಂಜಿನಿಯರಿಂಗ್ ಓದುತ್ತಾಳೆ, ಅದೂ ಕಬ್ಬಿಣ, ಗಾಲಿ, ಯಂತ್ರದ ಓದು. ಮನೆಯಲ್ಲಿ ಬಾಯಿ ತೆರೆದಳೆಂದರೆ ಪಕ್ಕದ ಮನೆಯ ಹುಂಜ ಕೂಗುವುದನ್ನು ನಿಲ್ಲಿಸುತ್ತದೆ. ಆದರೆ ನಾಲ್ಕು ಜನ ಹೊಸಬರು ಎದುರಿಗೆ ಕುಳಿತರೋ, ಬಾಯಿಗೆ ಬೀಗ ಬಿದ್ದಂತೆ. ಏಳನೇ ಕ್ಲಾಸಿನಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಭಾಷಣ ಮಾಡಲು ನಿಲ್ಲಿಸಿದ್ದರು. ಮೈಕಿನ ಮುಂದೆ ಬಾಯಿ ತೆರೆದು ನಿಂತಳು, ಹಾಗೇ ಮುಚ್ಚಿದಳು, ಇಳಿದು ಬಂದು ನನ್ನ ಸೆರಗಿನಲ್ಲಿ ಮುಖ ಹುದುಗಿಸಿದಳು. ಮೇಷ್ಟ್ರು ಸಂಕೋಚ ಅಂದರು. ಊರೆಲ್ಲ ಭಯ ಅಂದಿತು. ನಾನು ಕಣ್ಣು ಅಂದೆ. ಅಷ್ಟೂ ಕಣ್ಣು ಒಂದೇ ಸಲ ಮಗುವಿನ ಮೇಲೆ ಬಿದ್ದರೆ ಮಾತು ಎಲ್ಲಿಂದ ಬರಬೇಕು, ನೀವೇ ಹೇಳಿ.

ಇನ್ನು ಗಾಲಿಮಣೆ. ನಮ್ಮದು ಸಣ್ಣ ಈರುಳ್ಳಿ ಹೊಲ. ಕೇರಳದವರು ಬಂದು ಸಾಂಬಾರಿಗೆಂದು ಕೊಂಡೊಯ್ಯುತ್ತಾರಲ್ಲ, ಅದೇ. ಅದರ ಕಳೆಯನ್ನು ಕುಕ್ಕರಗಾಲಿನಲ್ಲಿ ಕುಳಿತೇ ಕೀಳಬೇಕು. ನನ್ನ ಮಂಡಿ ಏಳುವಾಗ ಒಂದು ರಾಗ, ಕೂರುವಾಗ ಇನ್ನೊಂದು ರಾಗ ಹಾಡುವುದನ್ನು ಕೇಳಿ ಕೇಳಿ ಪವಿತ್ರಳಿಗೆ ಸಾಕಾಗಿ, ಒಂದು ದಿನ ಊಟದ ಮಣೆಗೆ ಹಳೇ ಸೂಟ್‌ಕೇಸಿನ ಗಾಲಿ ಬಡಿದು ತಂದು, "ಕುಂತ್ಕೊ ಅಜ್ಜಿ, ಇನ್ಮೇಲೆ ಕುಂತಲ್ಲೇ ಹೋಗ್ಬೋದು" ಅಂದಳು. ಕುಂತೆ. ಕುಂತಲ್ಲೇ ಹೋದೆ ಕೂಡ. ನಮ್ಮ ಹೊಲ ಕಾಲುವೆ ಕಡೆಗೆ ಇಳಿಜಾರು ಅನ್ನುವುದು ಇಬ್ಬರಿಗೂ ಮರೆತಿತ್ತು. ಕಾಲುವೆಯಲ್ಲಿ ಸೊಂಟದವರೆಗೆ ನೀರಲ್ಲಿ ಕುಳಿತ ನನ್ನನ್ನು ಎತ್ತುವುದು ಬಿಟ್ಟು ಆ ಹುಡುಗಿ ಗಾಲಿಯನ್ನೇ ನೋಡುತ್ತ ನಿಂತು, "ಬ್ರೇಕ್ ಬೇಕಿತ್ತು ಕಣಜ್ಜಿ" ಅಂದಳು.

ಆಮೇಲೆ ಅವಳೂ ಅವಳ ಗೆಳತಿ ಆಶಾಳೂ ಸೇರಿ ಕಂಪ್ಯೂಟರಿನಲ್ಲಿ ಸರಿಯಾದ ಮಣೆಯ ಚಿತ್ರ ಬರೆದರು. ಆಶಾ ಸಂತೆಮರಹಳ್ಳಿಯವಳು, ಪವಿತ್ರಳ ಕ್ಲಾಸೇ. ಅಗಲವಾದ ಗಾಲಿ, ಈರುಳ್ಳಿ ಪಾತಿಯ ಎರಡೂ ಬದಿಗೆ ನಿಲ್ಲುವ ಮಣೆಯ ಕಾಲು, ಪಾದದಲ್ಲಿ ಒತ್ತುವ ಬ್ರೇಕು. ಅಷ್ಟರಲ್ಲಿ ಯಂತ್ರದ ಚಿತ್ರ ಬರೆಯುವ ಸಾಫ್ಟ್‌ವೇರಿನವರ ಸಮ್ಮೇಳನ ಚಾಮರಾಜನಗರಕ್ಕೆ ಬಂತು. ದೊಡ್ಡವರು ತಮ್ಮ ಹೊಸ ಸಾಮಾನು ತೋರಿಸುತ್ತಾರೆ, ಮಕ್ಕಳು ತಮ್ಮ ಚಿತ್ರ ತೋರಿಸಿ ಮಾತಾಡಬೇಕು, ಮೆಚ್ಚಿದ ಒಂದನ್ನು ಅವರೇ ಕಬ್ಬಿಣದಲ್ಲಿ ಮಾಡಿಸಿ ಕೊಡುತ್ತಾರೆ. ಮೆಚ್ಚದಿದ್ದರೆ ನನ್ನ ಮಣೆ ಚಿತ್ರವಾಗಿಯೇ ಉಳಿಯುತ್ತದೆ, ಚಿತ್ರದ ಮೇಲೆ ಕುಳಿತು ಕಳೆ ಕೀಳಲಾಗುತ್ತದೆಯೇ? ಆಶಾ ಮಾತಾಡುವುದು, ಪವಿತ್ರ ಚಿತ್ರ ತಿರುಗಿಸುವುದು ಅಂತ ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು.

ಆ ವಾರವೇ ಆಶಾಗೆ ಅಮ್ಮ ಎದ್ದುಬಿಟ್ಟಿತು. ಮೈತುಂಬ ಗುಳ್ಳೆ, ಬಾಗಿಲಿಗೆ ಬೇವಿನ ಸೊಪ್ಪು. ಪವಿತ್ರ ಮುಖ ಬಾಡಿಸಿಕೊಂಡು ಬಂದು, "ನಾನು ಓಗಾಕಿಲ್ಲ ಕಣಜ್ಜಿ. ಅಲ್ಲೋಗಿ ಕಂಬ ನಿಂತಂಗೆ ನಿಂತ್ಕತೀನಿ ಅಷ್ಟೆಯ" ಅಂದಳು.

"ಕಂಬಕ್ಕೆ ಒರಗಿಕೊಳ್ಳಾಕೆ ನಾ ಬತ್ತೀನಿ ಬುಡು" ಅಂದೆ.

ಹೀಗೆ ಸಮ್ಮೇಳನದವರು ಒಳಗೆ ಬರಲು ಕೊಟ್ಟಿದ್ದ, ಆಶಾಳ ಹೆಸರಿನ ಕಾರ್ಡು ನನ್ನ ಕೊರಳಿಗೆ ಬಿತ್ತು. ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ, ತೆರಕಣಾಂಬಿ ದಾಟುವಷ್ಟರಲ್ಲಿ ತಂದ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಅರ್ಧ ಖಾಲಿ ಮಾಡಿದ್ದೆ. ಆತಂಕವಾದರೆ ನನಗೆ ಹಸಿವು ಜಾಸ್ತಿ. ಎಲೆಅಡಿಕೆ ಚೀಲದಲ್ಲಿ ಕಾಡಿಗೆ ಡಬ್ಬಿ ಭದ್ರವಾಗಿತ್ತು.

ಕಾಲೇಜಿನ ಸಭಾಂಗಣಕ್ಕೆ ಬಣ್ಣ ಹೊಡೆಯುತ್ತಿದ್ದರಂತೆ, ಅದಕ್ಕೆ ಕಲ್ಯಾಣ ಮಂಟಪ. ಹಿಂದಿನ ದಿನದ ಮದುವೆಯ ಬಾಳೆಕಂದು ಇನ್ನೂ ಬಾಗಿಲಲ್ಲಿತ್ತು. ಊಟದ ಮೇಜುಗಳ ಮೇಲೆ ಎಲೆಯ ಬದಲು ಸಾಲಾಗಿ ಕಂಪ್ಯೂಟರು. ವೇದಿಕೆಯಲ್ಲಿ ಬೇರೆ ಕುರ್ಚಿ ಸಾಲದೆ, ಮಕ್ಕಳ ಚಿತ್ರ ನೋಡಿ ಆರಿಸಬೇಕಾದ ದೊಡ್ಡ ಸಾಹೇಬರನ್ನು ಮದುಮಗನ ಸಿಂಹಾಸನದಲ್ಲೇ ಕೂರಿಸಿದ್ದರು. ಪಕ್ಕದ ಮದುಮಗಳ ಸಿಂಹಾಸನದಲ್ಲಿ ಅವರ ಚೀಲ ಕುಳಿತಿತ್ತು.

ಬಾಗಿಲಲ್ಲಿ ಒಂದು ಹುಡುಗಿ ನನ್ನ ಕಾರ್ಡು ನೋಡಿ, "ಆಶಾ ಮೇಡಂ, ನೀವು ಯಾವುದರಲ್ಲಿ ಕೆಲಸ ಮಾಡ್ತೀರಿ?" ಅಂದಳು.

"ಈರುಳ್ಳೀಲಿ" ಅಂದೆ. ನಕ್ಕು ಒಂದು ಪೆನ್ನು ಕೊಟ್ಟಳು.

ಒಳಗೆ ಕುಳಿತು ಪವಿತ್ರ ಲ್ಯಾಪ್‌ಟಾಪು ತೆರೆದಳು. ಮಣೆಯ ಚಿತ್ರ ಬಂತು. ಏನು ಲಕ್ಷಣ ಅಂತೀರಿ! ನನ್ನ ಬೆರಳು ತಾನಾಗಿಯೇ ಡಬ್ಬಿಗೆ ಹೋಯಿತು, ಪರದೆಯ ಮೂಲೆಗೆ ಒಂದು ಸಣ್ಣ ಬೊಟ್ಟು ಇಟ್ಟೆ.

"ಅಯ್ಯೋ, ಯಾನಜ್ಜಿ ಮಾಡ್ದೆ!" ವೇಲಿನಿಂದ ಒರೆಸಿಯೇ ಬಿಟ್ಟಳು. "ಚಿತ್ರ ಇದ್ರೊಳ್ಗಿಲ್ಲ ಕಣಜ್ಜಿ. ಇಲ್ಲಿ ಬರೀ ಕಾಣ್ತದೆ ಅಷ್ಟೆಯ."

"ಇಲ್ಲಿಲ್ದೆ ಮತ್ತೆಲ್ಲಿ ಅದೆ?"

"ಕ್ಲೌಡಲ್ಲಿ ಅದೆ. ಎಲ್ಲೋ ದೂರ್ದಲ್ಲಿ ಇಟ್ಟವ್ರೆ. ಯಾವ ಕಂಪ್ಯೂಟರಲ್ಲಿ ಬೇಕಾದ್ರೂ ತಗೀಬೋದು. ನೋಡು, ಆಶಾ ಅವಳ ಮನೇಲಿ ಮಲಗ್ಕೊಂಡೇ ಇದೇ ಚಿತ್ರ ತಿದ್ತಾವ್ಳೆ."

ನೋಡಿದೆ. ಪವಿತ್ರಳ ಎರಡೂ ಕೈ ಮಡಿಲಲ್ಲಿದ್ದವು. ಆದರೂ ಪರದೆಯ ಮೇಲೆ ಒಂದು ಪುಟ್ಟ ಬಾಣ ತಾನೇ ತಾನಾಗಿ ಓಡಾಡುತ್ತಿತ್ತು. ಅದರ ಬಾಲದಲ್ಲಿ ಆಶಾಳ ಹೆಸರಿದೆ ಅಂದಳು. ಅಮ್ಮ ಎದ್ದ ಮನೆಯಿಂದ ಯಾರೂ ಹೊರಗೆ ಬರಬಾರದು, ಹೊರಗಿನವರು ಒಳಗೆ ಹೋಗಬಾರದು. ನಾವು ಕಳಿಸಿದ ಎಳನೀರನ್ನೂ ಜಗಲಿಯಲ್ಲೇ ಇಡಿಸಿದ್ದರು. ಈ ಹುಡುಗಿ ನೋಡಿದರೆ ಕಲ್ಯಾಣ ಮಂಟಪಕ್ಕೇ ಬಂದುಬಿಟ್ಟಿದ್ದಾಳೆ! ನಾನು ಚಪ್ಪಲಿ ಬಿಟ್ಟು ಬಾಣಕ್ಕೆ ಕೈ ಮುಗಿದೆ.

"ಅವಳಿಗ್ಯಾಕಜ್ಜಿ ಕೈ ಮುಗೀತೀಯ?"

"ಅವಳಿಗಲ್ಲ ಕೂಸೇ, ಅವಳ ಮೈಮೇಲಿರೋ ತಾಯಿಗೆ."

ಆಮೇಲೆ ಒಬ್ಬರು ವೇದಿಕೆ ಹತ್ತಿ ಅದನ್ನೇ ವಿವರಿಸಿದರು. ಮೊದಲೆಲ್ಲ ಚಿತ್ರ ಒಬ್ಬನ ಯಂತ್ರದಲ್ಲಿ ಬೀಗ ಹಾಕಿಕೊಂಡು ಇರುತ್ತಿತ್ತಂತೆ, ಇವನು ಹೊಸದನ್ನು ತಿದ್ದಿದರೆ ಅವನು ಹಳೆಯದನ್ನು ತಿದ್ದುತ್ತ ಕೂರುತ್ತಿದ್ದನಂತೆ. ಈಗ ಚಿತ್ರ ಒಂದೇ, ಕೈ ಎಷ್ಟಾದರೂ ಸೈ. ಕ್ಲೌಡು ಅಂದರೆ ಮೋಡ ಅಂತಲೂ ಹೇಳಿದರು. ಬೇಕಾದಾಗ ಬಾರದ ನಮ್ಮ ಹೊಲದ ಮೇಲಿನ ಮೋಡ ನೋಡಿದ್ದರೆ ಅವರು ಬೇರೆ ಹೆಸರು ಇಡುತ್ತಿದ್ದರೋ ಏನೋ. ಇರಲಿ. ನನಗೆ ಅರ್ಥವಾದದ್ದು ಒಂದೇ. ನಮ್ಮ ಮಣೆಯ ಚಿತ್ರ ಆ ಮಂಟಪದ ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ತೆರೆದುಕೊಳ್ಳಬಹುದು, ಯಾರ ಕಣ್ಣು ಬೇಕಾದರೂ ಬೀಳಬಹುದು.

ಪವಿತ್ರ ಹೆಸರು ಬರೆಸಲು ಎದ್ದು ಹೋದಳು. ನಾನೂ ಎದ್ದೆ.

ಮದುವೆಮನೆಯಲ್ಲಿ ಅರಿಶಿನ ಕುಂಕುಮ ಕೊಡುತ್ತ ಹೋಗುತ್ತೇವಲ್ಲ, ಹಾಗೇ ಸಾಲು ಹಿಡಿದು ಹೋದೆ. ಪ್ರತಿ ಪರದೆಯ ಬಲಮೂಲೆಗೆ ಒಂದೊಂದು ಬೊಟ್ಟು. ಎಲ್ಲರೂ ವೇದಿಕೆಯ ಕಡೆ ನೋಡುತ್ತಿದ್ದರು, ಮುದುಕಿಯನ್ನು ಯಾರು ಕೇಳುತ್ತಾರೆ?

ಸ್ವಲ್ಪ ಹೊತ್ತಿನಲ್ಲಿ ಗಲಾಟೆ ಶುರುವಾಯಿತು. ಕೋಟು ಹಾಕಿದ ಹುಡುಗನೊಬ್ಬ ಮೇಷ್ಟ್ರುಗಳಿಗೆ ಒಂದು ಫ್ಯಾನಿನ ಚಿತ್ರ ತೋರಿಸುತ್ತಿದ್ದ. ಫ್ಯಾನು ತಿರುಗಿಸಿದ, ಬೊಟ್ಟು ತಿರುಗಲಿಲ್ಲ. ದೊಡ್ಡದು ಮಾಡಿದ, ಫ್ಯಾನು ದೊಡ್ಡದಾಯಿತು, ಬೊಟ್ಟು ಇದ್ದಷ್ಟೇ ಇತ್ತು. ಚಿತ್ರವನ್ನೇ ಅಳಿಸಿದ, ಖಾಲಿ ಪರದೆಯ ಮೇಲೆ ಬೊಟ್ಟು ಒಂದೇ ಉಳಿಯಿತು. ಅವನ ಹಣೆಯ ಮೇಲೆ ಬೆವರು. "ಸಾರ್, ಇಲ್ಲೊಂದು ಚುಕ್ಕೆ ಹೋಗ್ತಾನೇ ಇಲ್ಲ" ಅಂತ ಪಕ್ಕದವನನ್ನು ಕರೆದ. ಅವನು ತನ್ನ ಕಂಪ್ಯೂಟರು ನೋಡಿಕೊಂಡು, "ಅಯ್ಯಯ್ಯೋ, ನಮ್ಮಲ್ಲೂ ಇದೆ!" ಅಂದ. ಆಚೆ ಮೇಜಿನಿಂದ, "ಇಲ್ಲೂ ಬಂತು!" ಇನ್ನೊಬ್ಬ ಬೆಂಗಳೂರಿಗೇ ಫೋನು ಹಚ್ಚಿದ. ಬೆಂಗಳೂರಿನಲ್ಲಿ ಚುಕ್ಕೆ ಇಲ್ಲವಂತೆ, ಚಾಮರಾಜನಗರದಲ್ಲಿ ಮಾತ್ರವಂತೆ.

ಪವಿತ್ರ ಬಂದಳು. ಚುಕ್ಕೆ ನೋಡಿದಳು. ನನ್ನ ಬೆರಳು ನೋಡಿದಳು. ಕರ್ಚೀಫು ತೆಗೆದು ಫ್ಯಾನಿನ ಪರದೆ ಒರೆಸಿದಳು. ಕೋಟಿನ ಹುಡುಗ ಬಾಯಿ ತೆರೆದುಕೊಂಡು ನನ್ನ ಕಡೆ ತಿರುಗಿದ.

"ನಿಮ್ ಮಿಷಿನ್ನಿಗೂ ಒಳ್ಳೇದೇ ಕಣಪ್ಪ, ಇರ್ಲಿ ಅಂತ ಇಟ್ಟೆ" ಅಂದೆ.

ಎಲ್ಲ ಮೇಜೂ ಒರೆಸಿ ಮುಗಿಸುವವರೆಗೂ ನನ್ನ ಮೊಮ್ಮಗಳು ನನ್ನ ಮುಖ ನೋಡಲಿಲ್ಲ. ಆಮೇಲೆ ಆಶಾಗೆ ಫೋನು ಮಾಡಿ ಎಲ್ಲ ಹೇಳಿದಳು. ಫೋನಿನಿಂದ, "ನಗಿಸ್ಬೇಡ ಕಣೇ, ಗುಳ್ಳೆ ಕಿತ್ತೋಯ್ತವೆ!" ಅಂತ ಆ ಹುಡುಗಿಯ ಕಿರುಚಾಟ ನನಗೂ ಕೇಳಿಸಿತು. ನಾನು ಫೋನು ಕಿತ್ತುಕೊಂಡು, "ನಗು ಆಮೇಲಿರ್ಲಿ ಕೂಸೇ. ಇಲ್ಲಿ ಇಟ್ಟಿದ್ನೆಲ್ಲ ಒರೆಸ್ಬುಟ್ಟಳು. ಈಗ ಇವಳು ಮೇಲೆ ನಿಂತ್ಕೊಂಡ್ರೆ ಯಾನ ಗತಿ?" ಅಂದೆ. ಆ ಕಡೆ ನಗು ನಿಂತಿತು. ಆಶಾ ತಟ್ಟನೆ ಫೋನು ಇಟ್ಟಳು.

ಪವಿತ್ರಳ ಹೆಸರು ಕೂಗಿದರು.

ಹತ್ತಿದಳು. ಹಿಂದೆ ಗೋಡೆಯಷ್ಟು ದೊಡ್ಡ ಪರದೆ, ಅದರ ಮೇಲೆ ನಮ್ಮ ಮಣೆ ಎತ್ತಿನಗಾಡಿಯಷ್ಟು ಎತ್ತರ. ಮೈಕಿನ ಮುಂದೆ ಬಾಯಿ ತೆರೆದಳು. ಮುಚ್ಚಿದಳು. ಸಿಂಹಾಸನದ ಸಾಹೇಬರು, "ಹೇಳಮ್ಮ" ಅಂದರು. ಮತ್ತೆ ತೆರೆದಳು. ಮಂಟಪಕ್ಕೆ ಮಂಟಪವೇ ಅವಳನ್ನು ನೋಡುತ್ತಿತ್ತು. ಏಳನೇ ಕ್ಲಾಸಿನ ಅದೇ ಮಗು, ಅದೇ ಮುಖ. ಈ ಸಲ ಇಳಿದು ಬಂದರೆ ಇನ್ನೆಂದೂ ಯಾವ ವೇದಿಕೆಯನ್ನೂ ಹತ್ತುವುದಿಲ್ಲ ಅಂತ ನನಗೆ ಗೊತ್ತಾಯಿತು. ಡಬ್ಬಿ ಹಿಡಿದುಕೊಂಡು ಎದ್ದು ನಿಂತೆ. ಆ ಪರದೆ ಎಲ್ಲಿ, ನನ್ನ ಗಿಡ್ಡ ಕೈ ಎಲ್ಲಿ?

ಆಗ ನೋಡಿ, ಬಾಣ ಅಲ್ಲಾಡಿತು. ಸಂತೆಮರಹಳ್ಳಿಯ ಬಾಣ. ನಿಧಾನವಾಗಿ ತೆವಳುತ್ತ ಮಣೆಯ ಬಲ ಅಂಚಿಗೆ ಬಂದು ನಿಂತಿತು. ಅಲ್ಲಿ ದುಂಡಗೆ, ಕರ್ರಗೆ ಒಂದು ಬೊಟ್ಟು ಬಿತ್ತು.

ಎಲ್ಲರ ಕುತ್ತಿಗೆಯೂ ಪವಿತ್ರಳನ್ನು ಬಿಟ್ಟು ಬೊಟ್ಟಿನ ಕಡೆ ಹೊರಳಿತು. ಹಿಂದಿನಿಂದ ಕೋಟಿನ ಹುಡುಗ, "ಮತ್ತೆ ಬಂತಾ!" ಅಂತ ನರಳಿ ನನ್ನ ಕಡೆ ನೋಡಿದ. ನಾನು ಎರಡೂ ಕೈ ಎತ್ತಿ ತೋರಿಸಿದೆ, ನಾನಲ್ಲಪ್ಪ.

"ಏನಮ್ಮ ಅದು, ಬೋಲ್ಟ್ ಹಾಕೋಕೆ ತೂತಾ?" ಅಂದರು ಸಾಹೇಬರು.

ಪವಿತ್ರ ತಿರುಗಿ ಪರದೆ ನೋಡಿದಳು. ನನ್ನನ್ನು ನೋಡಿದಳು. ಅತ್ತೇ ಬಿಡುತ್ತಾಳೆ ಅಂದುಕೊಂಡೆ. ಕಿಸಕ್ಕನೆ ನಕ್ಕುಬಿಟ್ಟಳು.

"ಅಲ್ಲ ಸಾರ್. ಅದು ನಮ್ಮಜ್ಜಿ ದೃಷ್ಟಿಬೊಟ್ಟು. ನನ್ ಫ್ರೆಂಡಿಗೆ ಅಮ್ಮ ಎದ್ದದೆ, ಸಂತೆಮರಹಳ್ಳೀಲಿ ಮಲಗವ್ಳೆ. ಅಲ್ಲಿಂದ ಇಟ್ಲು."

ಮಂಟಪ ನಕ್ಕಿತು. ಅವಳೂ ನಕ್ಕಳು. ಆ ನಗುವಿನ ಹಿಂದೆಯೇ ಮಾತು ಬಂತು ನೋಡಿ, ತೂಬು ತೆಗೆದ ಕಾಲುವೆಯ ಹಾಗೆ! ಈರುಳ್ಳಿ ಪಾತಿ, ನನ್ನ ಮಂಡಿ, ಸೂಟ್‌ಕೇಸ್ ಗಾಲಿ ಎಲ್ಲ ಹೇಳಿದಳು. ನಾನು ಕಾಲುವೆಗೆ ಬಿದ್ದದ್ದನ್ನು ಅಷ್ಟು ವಿವರವಾಗಿ ಹೇಳುವ ಅಗತ್ಯವಿರಲಿಲ್ಲ. ನಡುವೆ ಬಾಣ ಬಂದು ಬ್ರೇಕು ತೋರಿಸುತ್ತಿತ್ತು, ಇವಳು ವಿವರಿಸುತ್ತಿದ್ದಳು. ಒಪ್ಪಂದ ತಿರುಗುಮುರುಗಾಗಿತ್ತು, ಅಷ್ಟೇ. ಕೊನೆಗೆ ಸಾಹೇಬರು ಸಿಂಹಾಸನದಿಂದ ಎದ್ದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕಾಡಿಗೆ ಕೈ ಅನ್ನುವುದು ಆಮೇಲೆ ನೆನಪಾಯಿತು.

ಬಸ್ಸಿನಲ್ಲಿ ಬರುತ್ತ ಯೋಚಿಸಿದೆ. ದೃಷ್ಟಿಬೊಟ್ಟಿನ ಕೆಲಸವೇ ಅದಲ್ಲವೇ? ನೋಡುವವರ ಕಣ್ಣನ್ನು ಮೊದಲು ತನ್ನ ಕಡೆಗೆ ಎಳೆದುಕೊಳ್ಳುವುದು. ಅಷ್ಟರಲ್ಲಿ ಮಗು ಒಂದು ಉಸಿರು ಎಳೆದುಕೊಳ್ಳುತ್ತದೆ. ಇಷ್ಟು ವರ್ಷ ಅದನ್ನು ನಾನೊಬ್ಬಳೇ ಇಡಬೇಕು ಅಂದುಕೊಂಡಿದ್ದೆ. ಹಾಸಿಗೆಯಲ್ಲಿ ಮಲಗಿದ ಗೆಳತಿಯೂ ಇಡಬಹುದು ಅಂತ ಗೊತ್ತಿರಲಿಲ್ಲ.

ನಿನ್ನೆ ಸಂಜೆ ಮಣೆ ಬಂತು. ಚಿತ್ರವಲ್ಲ, ಕಬ್ಬಿಣದ್ದು! ಮಗ ಗುಂಡ್ಲುಪೇಟೆಯಿಂದ ಆಟೋದಲ್ಲಿ ಹೊತ್ತು ತಂದ. ಅದಕ್ಕೇ ಇವತ್ತು ಬೆಳಿಗ್ಗೆ ಡಬ್ಬಿ ತೆಗೆದದ್ದು. ಬೆರಳಿಗೆ ಕಾಡಿಗೆ ಹಚ್ಚಿಕೊಂಡು ಬಂದು ಮಣೆಯ ಬಲ ಅಂಚು ನೋಡುತ್ತೇನೆ, ಅಲ್ಲಿ ಆಗಲೇ ದುಂಡಗೆ ಒಂದು ತೂತು! ಪವಿತ್ರಳಿಗೆ ಫೋನು ಮಾಡಿದರೆ, "ಆಶಾ ಇಟ್ಟಿದ್ದನ್ನ ಅಳ್ಸಾಕೆ ಮರ್ತೋಯ್ತು ಕಣಜ್ಜಿ. ಕಾರ್ಖಾನೆಯವ್ರು ತೂತು ಅಂದ್ಕೊಂಡು ಕೊರೆದವ್ರೆ" ಅಂದಳು. ಮರೆತವಳ ದನಿಯಲ್ಲಿ ಅಷ್ಟು ನಗು ಇರುವುದಿಲ್ಲ.

ಈಗ ಬೆರಳಲ್ಲಿರುವ ಕಾಡಿಗೆಯನ್ನು ಏನು ಮಾಡುವುದು? ಮಣೆಗೆ ಬೇಕಾಗಿಲ್ಲ. ಮೊಮ್ಮಗಳು ಕಾಲೇಜಿನಲ್ಲಿದ್ದಾಳೆ, ಮುಂದಿನ ತಿಂಗಳು ಇನ್ನೊಂದು ವೇದಿಕೆ ಹತ್ತುತ್ತಾಳಂತೆ, ಅವಳಿಗೂ ಬೇಕಾಗಿಲ್ಲ. ಒರೆಸಿ ಹಾಕಲು ಮನಸ್ಸು ಬರಲಿಲ್ಲ. ಕನ್ನಡಿಯ ಮುಂದೆ ನಿಂತು ನನ್ನ ಕೆನ್ನೆಗೇ ಇಟ್ಟುಕೊಂಡೆ.

ಸೊಸೆ ಹೌಹಾರಿದಳು. "ಅತ್ತೆ, ಈ ವಯಸ್ನಲ್ಲಿ ಯಾನ ಇದು!"

"ಇವತ್ತು ಈ ಊರಲ್ಲಿ ಯಾರ್‌ಗಾದ್ರೂ ಕಣ್ಣು ತಾಕೋದಾದ್ರೆ ಅದು ನಂಗೇ ಕಣಮ್ಮಿ" ಅಂದೆ.

ಮಣೆಯನ್ನು ಹೊಲಕ್ಕೆ ಹೊರಿಸಿಕೊಂಡು ಹೋಗಿ, ಪಾತಿಯ ಮೇಲೆ ಇರಿಸಿ ಕುಳಿತೆ. ಕಾಲುವೆ ಅಲ್ಲೇ ಎದುರಿಗೆ, ಬಾ ಅಂತ ಕಾಯುತ್ತಿತ್ತು. ಅದನ್ನು ಚೆನ್ನಾಗಿ ನೋಡಿಕೊಂಡು ಬ್ರೇಕಿನ ಮೇಲಿನ ಕಾಲು ತೆಗೆದೆ.