ಹೊರಗಿದ್ದಾಗ ಬಂದ ಬ್ಯಾಟರಿ

ನಾನು ಬಿ.ಎಸ್ಸಿ. ಮುಗಿಸಿ ಮಿಡಿಗೇಶಿಗೆ ಹಿಂತಿರುಗುವ ಹೊತ್ತಿಗೆ ಅಮ್ಮನ ಕಣ್ಣು ಮುಕ್ಕಾಲು ಪಾಲು ಹೋಗಿತ್ತು. ಬಾಗಿಲ ಬೆಳಕು, ಎದುರು ನಿಂತವರ ನೆರಳು, ಇಷ್ಟು ಕಾಣುತ್ತಿತ್ತು. ಕಥೆಪುಸ್ತಕ ಸಿಕ್ಕರೆ ಒಲೆಯ ಮೇಲಿನ ಸಾರು ಮರೆಯುತ್ತಿದ್ದವಳು ಈಗ ಗೋಡೆಗೊರಗಿ ಕಡಲೆಕಾಯಿ ಸುಲಿಯುತ್ತ ಕೂತಿರುತ್ತಿದ್ದಳು. ತುಮಕೂರಿನ ಶಾಲೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತ್ತು. ನಾನು ಹೊರಡುವುದರೊಳಗೆ ಮನೆಗೊಂದು ರೇಡಿಯೋ ಬರಬೇಕು, ಅಮ್ಮ ಅದನ್ನು ಯಾರ ಹಂಗೂ ಇಲ್ಲದೆ ತಾನೇ ಹಾಕಿಕೊಳ್ಳುವಂತಿರಬೇಕು ಎಂಬುದು ನನ್ನ ಹಟ.

ಊರಿಗೆ ಕರೆಂಟು ಬಂದಿರಲಿಲ್ಲ. ಹಾಗಾಗಿ ಯೋಚಿಸಬೇಕಾದದ್ದು ರೇಡಿಯೋಗಿಂತ ಹೆಚ್ಚಾಗಿ ಬ್ಯಾಟರಿಯ ಬಗ್ಗೆ. ಒಣ ಬ್ಯಾಟರಿಯ ಸೆಟ್ಟುಗಳಿದ್ದವು. ಆ ಬ್ಯಾಟರಿ ಇಟ್ಟಿಗೆಯಂಥ ರಟ್ಟಿನ ಪೊಟ್ಟಣ, ತೀರಿದರೆ ಎಸೆದು ಹೊಸದು ತರಬೇಕು. ಆ್ಯಸಿಡ್ ಬ್ಯಾಟರಿಯ ಸೆಟ್ಟುಗಳೂ ಇದ್ದವು. ಅದನ್ನಾದರೆ ಆಗಾಗ ಬಸ್ಸಿನಲ್ಲಿ ಮಧುಗಿರಿಗೆ ಒಯ್ದು ಚಾರ್ಜು ಮಾಡಿಸಬೇಕು, ಒಳಗಿನ ನೀರಿನ ಮಟ್ಟ ನೋಡುತ್ತಿರಬೇಕು. ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅಪ್ಪನ ಮನಸ್ಸು ಇನ್ನೊಂದರ ಮೇಲಿತ್ತು. ಗೌಡಗೆರೆಯ ಸ್ನೇಹಿತರೊಬ್ಬರು ತಮ್ಮ ಲಾರಿಯಿಂದ ಬಿಚ್ಚಿದ ಆ್ಯಸಿಡ್ ಬ್ಯಾಟರಿಯನ್ನು ಕೊಡುತ್ತೇನೆಂದಿದ್ದರು.

"ಲಾರಿನೇ ಎಬ್ಬಿಸ್ತದೆ ಕಣಮ್ಮ, ಈ ಪೆಟ್ಟಿಗೆ ಯಾವ ಲೆಕ್ಕ?" ಎನ್ನುತ್ತಿದ್ದರು ಅಪ್ಪ.

ಸಿರಾದ ರೇಡಿಯೋ ಅಂಗಡಿಯ ಸಾಹೇಬರು ಎರಡೂ ಬಗೆಯ ಸೆಟ್ಟುಗಳನ್ನು ಬಸ್ಸಿನಲ್ಲಿ ಹೇರಿಕೊಂಡು ತೋರಿಸಲು ಬಂದ ದಿನ ನಾನು ಮುಟ್ಟಾಗಿ ಹೊರಗಿದ್ದೆ. ಮೂರು ದಿನ ಹಿತ್ತಿಲಿನಲ್ಲಿ, ದನದ ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ಇರುವುದು ನಮ್ಮ ಮನೆಯ ಪದ್ಧತಿ. ಹೊಸಿಲು ದಾಟುವಂತಿಲ್ಲ. ಮುಟ್ಟಿದ್ದನ್ನೆಲ್ಲ ನೀರಿಗೆ ಅದ್ದಬೇಕು. ಹಾಸ್ಟೆಲಿನಲ್ಲಿ ಯಾರೂ ಕೇಳದಿದ್ದ ಈ ಸಂಗತಿ ಇಲ್ಲಿ ತಂತಿಯ ಮೇಲೆ ಒಣಹಾಕಿದ ಬಟ್ಟೆಯಷ್ಟು ಬಯಲು.

ಮುಂದಿನ ಜಗುಲಿಯಿಂದ ಅಪ್ಪನ ದನಿ ಕೇಳಿಸಿತು. "ನಮ್ಮ ಹುಡುಗಿನೇ ಆರಿಸ್ತಾಳೆ ಸಾಹೇಬ್ರೇ, ಸೈನ್ಸ್ ಓದಿರೋಳು. ಬಾರಮ್ಮ!"

ಒಳಗಿನಿಂದ ಅಜ್ಜಿ ಬೀದಿಯ ಕೊನೆಗೆ ಮುಟ್ಟುವಂತೆ ಕೂಗಿದಳು. "ಅವ್ಳೆಲ್ಲಿಂದ ಬತ್ತಾಳೆ? ಹೊರಗಾಗವ್ಳೆ! ಇನ್ನೂ ಎಲ್ಡ್ ದಿನ ಅವ್ಳ ತಂಟೆ ಬ್ಯಾಡ!"

ಸಾಹೇಬರು ಕೆಮ್ಮಿದ್ದು ಕೇಳಿಸಿತು. ಆ ದಿನ ನಮ್ಮ ಮನೆಯೊಳಗೆ ಕಾಲಿಡಬಾರದವರು ಇಬ್ಬರು, ಮುಂದೆ ಅವರು, ಹಿಂದೆ ನಾನು. ನನ್ನ ಕಿವಿ ಸುಡುತ್ತಿತ್ತು.

ಅಪ್ಪ ಹಿತ್ತಿಲಿಗೆ ಬಂದು ನುಗ್ಗೆಮರದ ಕಡೆ ನೋಡುತ್ತ ಯಾವ ಬ್ಯಾಟರಿಯದು ಆದೀತೆಂದು ಕೇಳಿದರು. ನಾನೂ ಮರದ ಕಡೆಯೇ ನೋಡುತ್ತ ಲಾರಿಯದು ಬೇಡ, ಒಣದು ಸಾಕು ಎಂದೆ. ಹೋದರು, ಮತ್ತೆ ಬಂದರು. "ಒಣಾದು ಬೇಗ ತೀರೋಯ್ತದಂತೆ. ಲಾರಿದೇ ಇರ್ಲಿ ಅಂದ್ಬುಡ್ಲಾ?" ಕಾರಣ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಮಗಳ ಎದುರು ನಿಲ್ಲಲು ಸಂಕೋಚಪಟ್ಟು, ಹೊರಟೇಬಿಟ್ಟರು. ಹೀಗೇ ಆದರೆ ಲಾರಿಯದೇ ಬರುತ್ತದೆ, ಅಮ್ಮ ಮತ್ತೆ ಗೋಡೆಗೊರಗಿ ಕೂರುತ್ತಾಳೆ ಎನ್ನಿಸಿತು.

ಸೆರಗು ಹೊದ್ದು, ಓಣಿಯಿಂದ ಬಳಸಿ, ಮುಂದಿನ ಬೀದಿಗೆ ಬಂದೆ. ಜಗುಲಿಯ ಕೆಳಗೆ, ಚರಂಡಿಯ ಆಚೆ ನಿಂತೆ. ಸ್ವಂತ ಮನೆಯ ಮುಂದೆ ಅಷ್ಟು ದೂರ ಹೆಣ್ಣೊಬ್ಬಳು ನಿಂತರೆ ನಮ್ಮ ಬೀದಿಯಲ್ಲಿ ಕಾರಣ ಹೇಳಬೇಕಾಗಿಲ್ಲ. ಬಾವಿಯಿಂದ ನೀರು ತರುತ್ತಿದ್ದ ಹೆಂಗಸರು ಬಿಂದಿಗೆಸಮೇತ ನಿಂತರು.

"ಯಾಕವ್ವಾ, ಗಂಡಿನೋರು ನೋಡಾಕೆ ಬಂದವ್ರಾ? ತಡ್ಕಳಕಾಗ್ದೆ ಬೀದಿಗೇ ಬಂದ್ಬುಟ್ಟೆ?" ಎಂದಳು ಒಬ್ಬಳು. ಉಳಿದವರು ನಕ್ಕರು.

ನಾನು ಚರಂಡಿಯನ್ನು ನೋಡುತ್ತ ಹೇಳಿದೆ. ಲಾರಿಯ ಬ್ಯಾಟರಿ ಒಂದೇ ಸಲ ಜೋರಾಗಿ ಒದೆಯುವುದಕ್ಕೆ ಮಾಡಿದ್ದು. ಒದ್ದ ಕೂಡಲೇ ಎಂಜಿನ್ನು ಅದನ್ನು ಮತ್ತೆ ತುಂಬುತ್ತದೆ. ರೇಡಿಯೋ ಹಾಗಲ್ಲ, ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಹೀರುತ್ತದೆ. ತಳ ಮುಟ್ಟುವವರೆಗೆ ಪದೇ ಪದೇ ಬರಿದು ಮಾಡಿದರೆ ಅದರ ತೆಳು ತಗಡುಗಳು ಕೆಡುತ್ತವೆ. ಬೇರೆ ಆ್ಯಸಿಡ್ ಬ್ಯಾಟರಿ ತಂದರೂ ನೀರಿನ ಮಟ್ಟ ಅಮ್ಮನಿಗೆ ಕಾಣುವುದಿಲ್ಲ, ಚೆಲ್ಲಿದರೆ ಕೈ ಸುಡುತ್ತದೆ. ನನ್ನ ದನಿ ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವವಳ ಹಾಗಿತ್ತು.

"ಬೇಟಿ ಹೇಳೋದು ಬರಾಬರ್, ಮೇಷ್ಟ್ರೇ," ಎಂದರು ಸಾಹೇಬರು, ನನ್ನ ಕಡೆ ತಿರುಗದೆ. ಏರಿಯಲ್ ತಂತಿಯನ್ನು ಹೆಂಚಿನ ಮೇಲೆ ಎಸೆದು, ಒಣ ಬ್ಯಾಟರಿಯ ಸೆಟ್ಟನ್ನು ಜಗುಲಿಯ ಅಂಚಿಗೆ ಸರಿಸಿ, ತಾವು ಹಿಂದೆ ಸರಿದರು.

ನೋಡಿದ್ದು ಸಾಲದು. ಬ್ಯಾಟರಿಗೆ ಚುಚ್ಚುವ ಪ್ಲಗ್ಗಿನ ಕಡ್ಡಿಗಳು ಬೆರಳಿಗೆ ಗುರುತು ಸಿಗುತ್ತವೆಯೇ ಎಂದು ತಿಳಿಯಬೇಕಿತ್ತು. ಚರಂಡಿ ದಾಟಿ ಕೈ ಚಾಚಿದೆ.

"ಮುಟ್ಬ್ಯಾಡ ಕಣೇ!" ಅಜ್ಜಿ ಬಾಗಿಲಿಗೆ ಬಂದಿದ್ದಳು. "ಮುಟ್ಟಿದ್ನ ನೀರಿಗೆ ಅದ್ದಬೇಕು. ಅದ್ದಿದ್ರೆ ಉಳೀತದಾ ಅದು? ಕೇಳು ಆ ಸಾಬ್ರನ್ನ."

"ಅದ್ದಿದ್ರೆ ಖತಂ, ಅಜ್ಜಿ," ಎಂದರು ಸಾಹೇಬರು, ಗಂಭೀರವಾಗಿ.

ಬಿಂದಿಗೆಯವರ ನಗು ಈಗ ತಡೆಯಲಾರದ್ದಾಯಿತು. ನಾನು ಕೈಯನ್ನು ಸೆರಗಿನೊಳಗೆ ಸೇರಿಸಿದೆ.

ಆಗ ಅಮ್ಮ ಕಂಬ ಹಿಡಿದು, ಮೆಟ್ಟಿಲು ತಡವುತ್ತ ಇಳಿದು ಬಂದಳು. "ಎಲ್ಲಿದೀಯೆ?" ಎಂದು ಗಾಳಿಯಲ್ಲಿ ಕೈಯಾಡಿಸಿದಳು. ನಾನು ಹಿಂದೆ ಸರಿದರೂ ಬಿಡದೆ ಮಣಿಕಟ್ಟು ಹಿಡಿದಳು.

"ಮುಟ್ಬುಟ್ಟೆಯಲ್ಲೇ, ನೀನೂ ಮೈಲಿಗೆ ಆದೆ!" ಎಂದಳು ಅಜ್ಜಿ.

"ಆದ್ರೆ ಮಿಂದ್ರಾಯ್ತು ಬುಡತ್ತೆ. ಪೆಟ್ಟಿಗೆ ಈಚೆನೇ ಇರ್ಲಿ, ನಾನೂ ಈಚೆನೇ ಕೂತ್ಕತೀನಿ. ಹೆಂಗೆ ಅಂತ ತೋರ್ಸೇ."

ತೋರಿಸಿದೆ. ಅಮ್ಮನ ಬೆರಳುಗಳ ಮೇಲೆ ನನ್ನ ಬೆರಳುಗಳನ್ನಿಟ್ಟು ದಪ್ಪ ಕಡ್ಡಿ ಯಾವುದು, ಸಣ್ಣವು ಯಾವುವು ಎಂದು ಹೇಳಿಕೊಟ್ಟೆ. ಇಡೀ ಬೀದಿ ನೋಡುತ್ತಿತ್ತು. ಅಮ್ಮನಿಗೆ ಅದು ಕಾಣುತ್ತಿರಲಿಲ್ಲ, ನನಗೆ ಅದರ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಅವಳು ಪ್ಲಗ್ಗನ್ನು ಕಿತ್ತು, ಮತ್ತೆ ತಾನೇ ಹುಡುಕಿ ಚುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ಪೆಟ್ಟಿಗೆ ಗೊರಗೊರ ಎಂದು, ತೆಲುಗಿನಲ್ಲಿ ಯಾರೋ ಗೊಬ್ಬರದ ವಿಷಯ ಹೇಳತೊಡಗಿದರು. ಅಮ್ಮನ ಮುಖ ಅರಳಿತು.

ಅವಳು ನನ್ನ ಕೈ ಬಿಟ್ಟಿದ್ದಳು. ಇನ್ನು ಅಲ್ಲಿ ನನ್ನ ಅಗತ್ಯವಿರಲಿಲ್ಲ. ಹಿತ್ತಿಲಿಗೆ ಹೋಗಲು ಮಾತ್ರ ಆ ಹೆಂಗಸರನ್ನೇ ಹಾದು ಹೋಗಬೇಕಿತ್ತು. ನಾನು ಹತ್ತಿರ ಬಂದಂತೆ ಅವರು ಬಿಂದಿಗೆ ಸೋಕದಂತೆ ಗೋಡೆಗೆ ಸರಿದು ದಾರಿ ಬಿಟ್ಟರು. ತಲೆ ತಗ್ಗಿಸಿ ನಡೆದೆ. ಹಿಂದೆ ಅಪ್ಪ, "ತೆಲುಗು ಯಾಕೆ, ಬೆಂಗಳೂರು ಹಾಕ್ಲಾ?" ಎನ್ನುತ್ತಿದ್ದರು.

"ಕೈ ಇಡ್ಬ್ಯಾಡಿ, ಇರಿ," ಎಂದಳು ಅಮ್ಮ. "ನಾನೇ ತಿರುಗಿಸ್ತೀನಿ."