ಹಿಂದಕ್ಕೆ ತಿರುಗಿಸಿದ ಮೀಟರ್

ದೆವ್ವ ಕಂಡೆ, ದಾರಿ ತಪ್ಪಿಸಿತು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಕೊಟ್ಟೂರಿನಲ್ಲಿ ಹಳೆಯ ಬೈಕುಗಳ ಸ್ಪೀಡೋಮೀಟರ್, ಪೆಟ್ರೋಲ್ ಮೀಟರ್ ರಿಪೇರಿ ಮಾಡುವುದು ನನ್ನ ಕಸುಬು. ಮುಳ್ಳು ಏಳದಿದ್ದರೆ ಕೇಬಲ್ ಹರಿದಿರುತ್ತದೆ, ಇಲ್ಲವೇ ಒಳಗಿನ ಹಲ್ಲು ಸವೆದಿರುತ್ತದೆ. ಮೂರನೆಯ ಕಾರಣ ಇಲ್ಲ ಎಂದು ನಂಬಿದ್ದೆ. ಈಗಲೂ ನಂಬಬೇಕೆಂಬ ಆಸೆಯಿದೆ. ನಗುವುದಾದರೆ ನಗಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಏಳು ವರ್ಷದ ಹಿಂದಿನ ಮಾತು. ಹೆಂಡತಿ ಚೊಚ್ಚಲ ಹೆರಿಗೆಗೆಂದು ಹಗರಿಬೊಮ್ಮನಹಳ್ಳಿಯ ತವರಿಗೆ ಹೋಗಿದ್ದಳು. ಅಂದು ಬೆಳಿಗ್ಗೆ ಗುಡೇಕೋಟೆ ಕಡೆಯವನೊಬ್ಬ ಮೀಟರ್ ಕೆಟ್ಟ ಹಳೆಯ ಬೈಕು ತಂದು ನಿಲ್ಲಿಸಿದ. "ಮುಳ್ಳು ನಡೀಬೇಕ್ರಿ. ಹಂಗ ಎಂಬತ್ನಾಕು ಸಾವಿರ ಓಡಿದ್ದನ್ನ ಇಪ್ಪತ್ತಕ್ಕ ಇಳಿಸಿಬಿಡ್ರಿ. ತಗೊಳ್ಳಾವ ನಾಳಿಗೆ ನೋಡಾಕ ಬರ್ತಾನ," ಎಂದ. ನಾನು ಮಾಡದಿದ್ದರೆ ಪಕ್ಕದ ಬೀದಿಯವನು ಮಾಡಿಕೊಡುತ್ತಾನೆ ಎಂಬ ಸಮಾಧಾನ ನನ್ನದು. ಒಪ್ಪಿಕೊಂಡೆ.

ಮೀಟರ್ ಬಿಚ್ಚುವ ಮೊದಲು ಇದ್ದ ಅಂಕಿ ಬರೆದಿಡಬೇಕು ಎಂದು ಕಸುಬು ಕಲಿಸಿದವರು ಹೇಳಿದ್ದರು. ಕಾಗದ ಹುಡುಕಲು ಸೋಮಾರಿತನವಾಗಿ ನಾನು ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದೆ, ಅಂದೂ ಹಾಗೆಯೇ ಬರೆದುಕೊಂಡೆ. ಮೀಟರಿನ ಅಂಚು ಎಬ್ಬಿಸಿ, ಎರಡೂ ಬದಿಗೆ ಚಮಚದ ತುದಿ ಕೊಟ್ಟು ಮೀಟಿ ಮುಳ್ಳು ಕಿತ್ತು, ಸವೆದ ಹಲ್ಲು ಬದಲಿಸಿ, ಅಂಕಿಯ ಗಾಲಿಗಳನ್ನು ಹಿಂದಕ್ಕೆ ತಿರುಗಿಸಿ ಕೂಡಿಸಿದೆ. ಅಷ್ಟರಲ್ಲಿ ಅತ್ತೆಯ ಫೋನ್ ಬಂತು.

"ಕೂಸು ಅಡ್ಡ ತಿರುಗೇತಂತ್ರಿ. ಆಪರೇಷನ್ ಮಾಡ್ಬೇಕಂತ. ನೀವು ಬಂದು ಸೈ ಮಾಡೋತನಕ ಒಳಗ ಒಯ್ಯಂಗಿಲ್ಲ ಅನ್ನಾಕತ್ತಾರ. ಲಗೂನ ಬರ್ರಿ."

ಸೋಪಿನ ಪುಡಿ ಹಾಕಿ ಕೈಯ ಗ್ರೀಸು ತಿಕ್ಕಿ ತೊಳೆದು, ಎದುರಿಗಿದ್ದ ಆ ಬೈಕನ್ನೇ ಹತ್ತಿದೆ.

ಕೋಗಳಿ ದಾಟುವ ತನಕ ಎಲ್ಲ ಸರಿಯಿತ್ತು. ಮಟಮಟ ಮಧ್ಯಾಹ್ನ. ಹಗರಿಬೊಮ್ಮನಹಳ್ಳಿ ಒಂಬತ್ತು ಕಿಲೋಮೀಟರ್ ಎಂಬ ಕಲ್ಲು ಕಂಡಿತು. ಅದರ ಪಕ್ಕ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿ ಮುದುಕಿಯೊಬ್ಬಳು ಕಾಲಿನಿಂದ ಕೆದಕುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಒಂಬತ್ತರ ಕಲ್ಲು, ಅದೇ ಜೋಳ, ಅದೇ ಮುದುಕಿ. ಗಾಬರಿಯಲ್ಲಿ ಕಣ್ಣು ಮೋಸ ಮಾಡಿತೆಂದುಕೊಂಡು ಆಕ್ಸಿಲರೇಟರ್ ತಿರುವಿದೆ. ಮುಳ್ಳು ಅರವತ್ತು ತೋರಿಸುತ್ತಿತ್ತು, ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಮೂರನೆಯ ಸಲವೂ ಒಂಬತ್ತು, ನಾಲ್ಕನೆಯ ಸಲವೂ ಒಂಬತ್ತು. ಫೋನ್ ನೋಡಿದರೆ ಮುಕ್ಕಾಲು ತಾಸು ಕಳೆದಿತ್ತು. ಪೆಟ್ರೋಲ್ ಮುಳ್ಳು ಕೆಂಪಿಗೆ ಇಳಿದಿತ್ತು. ಅವಳು ಅಲ್ಲಿ ಸಾಯುತ್ತಾಳೆ, ನಾನು ಇಲ್ಲೇ ಉಳಿಯುತ್ತೇನೆ ಎನಿಸಿ ಅಳು ಬಂತು.

ಬ್ರೇಕು ಹಾಕಿ ಕೇಳಿದೆ: "ಅವ್ವಾ, ನಾನು ಈ ದಾರೀಲೆ ಎಷ್ಟು ಸಲ ಹೋದ್ನಿ?"

"ಎಲ್ಲಿ ಹೋಗೀಯಪ್ಪ? ಆಗಿಂದ ಗಾಡಿ ಚಾಲೂ ಇಟಗಂಡು ಇಲ್ಲೇ ನಿಂತೀಯಲ್ಲ," ಎಂದಳು ಮುದುಕಿ, ಜೋಳ ಕೆದಕುತ್ತಲೇ.

ಮೀಟರ್ ಬಿಚ್ಚಬೇಕೆಂದು ನನಗೇಕೆ ಹೊಳೆಯಿತೋ ತಿಳಿಯದು. ಆ ದಿನ ನಾನು ತಿಳಿದೂ ತಿಳಿದು ಮಾಡಿದ್ದ ತಪ್ಪು ಅಂಕಿ ಇಳಿಸಿದ್ದೊಂದೇ. ಸ್ಕ್ರೂಡ್ರೈವರು, ಚಮಚ ಜೇಬಿನಲ್ಲೇ ಇದ್ದವು. ಅಂಗೈ ನೋಡಿಕೊಂಡೆ. ಎಂಬತ್ನಾಲ್ಕು ಮಸುಕಾಗಿ ಉಳಿದಿತ್ತು, ಮುಂದಿನದು ತೊಳೆದುಹೋಗಿತ್ತು. ಆರುನೂರ ಹನ್ನೆರಡೋ, ಆರುನೂರ ಇಪ್ಪತ್ತೊಂದೋ, ಎಷ್ಟು ತಲೆ ಚಚ್ಚಿಕೊಂಡರೂ ನೆನಪಾಗಲಿಲ್ಲ. ಕೊನೆಗೆ ಹನ್ನೆರಡೆಂದೇ ಗಾಲಿ ತಿರುಗಿಸಿ ಕೂಡಿಸಿ ಹೊರಟೆ. ಮುಂದಿನ ಕಲ್ಲಿನ ಮೇಲೆ ಎಂಟು ಎಂದಿತ್ತು.

ಆಸ್ಪತ್ರೆ ಮುಟ್ಟಿ ಸಹಿ ಹಾಕಿದೆ. ತಾಯಿ, ಮಗಳು ಇಬ್ಬರೂ ಉಳಿದರು. ಮೀಟರ್ ಇಳಿಸಿಲ್ಲವೆಂದು ಬೈಕಿನವನು ಬಾಯಿಗೆ ಬಂದಂತೆ ಬೈದ. ಮೊದಲು ಸರಿಯಾಗಿ ಎಷ್ಟಿತ್ತು ಎಂದು ಕೇಳಿದ್ದಕ್ಕೆ, "ಅದನ್ನ ಯಾರು ನೆನಪಿಟ್ಟಾರ್ರಿ?" ಎಂದು ಗಾಡಿ ಹತ್ತಿ ಹೋದ. ಮತ್ತೆ ಸಿಗಲಿಲ್ಲ.

ಬಿಸಿಲಿಗೆ ತಲೆ ಕೆಟ್ಟು ನಿಂತಲ್ಲೇ ನಿಂತಿದ್ದೆ ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಹೇಳಿಕೊಳ್ಳುತ್ತೇನೆ. ಆದರೆ ಮಗಳು ಎದೆಯ ಮೇಲೆ ಮಲಗಿ ನಿದ್ದೆ ಹೋದಾಗ, ಎಲ್ಲವೂ ಸರಿಯಿರುವ ಹೊತ್ತಿನಲ್ಲೇ, ನನಗೆ ಭಯವಾಗುತ್ತದೆ. ಆ ಅಂಕಿ ಇಪ್ಪತ್ತೊಂದೇ ಆಗಿದ್ದರೆ ನಾನಿನ್ನೂ ಆ ಕಲ್ಲಿನ ಪಕ್ಕ ಗಾಡಿ ಚಾಲೂ ಇಟ್ಟುಕೊಂಡು ನಿಂತೇ ಇದ್ದೇನೆ, ಆಸ್ಪತ್ರೆಗೆ ಒಂಬತ್ತು ಕಿಲೋಮೀಟರ್ ದೂರದಲ್ಲಿ.